ಆಗಿಯೇ ಇಲ್ಲದ ಮದುವೆಯ ಸಮನ್ಸ್

ನಾನೂ ಹೋಗಿ ಉಂಡು ಬಂದಿದ್ದ ಮದುವೆ ಅದು. ಎರಡು ವರ್ಷ ತುಂಬುವುದರೊಳಗೆ, ಆ ಮದುವೆ ಆಗಿಯೇ ಇಲ್ಲವೆಂದು ತೀರ್ಪು ಕೊಡಿ ಎಂದು ಕೋರ್ಟನ್ನು ಕೇಳುವ ಕಾಗದ ನನ್ನ ಕೈಗೇ ಬಂತು. ಮುಟ್ಟಿಸಬೇಕಾದವನು ನಾನು.

ನಮ್ಮ ಕಡೆ ಕೋರ್ಟಿನಲ್ಲಿ ಈ ಕೆಲಸ ಮಾಡುವವನಿಗೆ ಅಮೀನ ಅನ್ನುತ್ತಾರೆ, ಇಲ್ಲಿ ಅಮೆರಿಕದಲ್ಲಿ ಪ್ರೊಸೆಸ್ ಸರ್ವರ್. ಒಬ್ಬರ ಮೇಲೆ ಕೇಸು ಬಿದ್ದಾಗ ಆ ಕಾಗದವನ್ನು ಅವರ ಕೈಗೆ ಕೊಟ್ಟು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರಿಗೆ ಕೊಟ್ಟೆ ಎಂದು ಪ್ರಮಾಣ ಮಾಡಿ ಬರೆದುಕೊಡುವುದು. ಮದ್ದೂರಿನಲ್ಲಿ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹನ್ನೆರಡು ಗಂಟೆ ಪಾಠ ಕೇಳಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ಜಾರ್ಜಿಯಾ ರಾಜ್ಯದ ಸರ್ಟಿಫಿಕೇಟ್ ತೆಗೆದುಕೊಂಡಿದ್ದೇನೆ. ಅದನ್ನು ಯಾರೂ ನನಗೆ ದಾನ ಕೊಟ್ಟಿಲ್ಲ. ಇಂಡಿಯನ್ನರ ಮನೆಯ ಕಾಗದವೆಂದರೆ ಅಟ್ಲಾಂಟಾದ ವಕೀಲರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬೇರೆಯವರು ಮುಂಬಾಗಿಲಲ್ಲಿ ನಿಂತು ಗಂಟೆಗಟ್ಟಲೆ ಬೆಲ್ ಒತ್ತುತ್ತಾರೆ. ನಮ್ಮ ಜನ ಮುಂಬಾಗಿಲನ್ನು ಸತ್ಯನಾರಾಯಣ ಪೂಜೆಯ ದಿನ ಬಿಟ್ಟರೆ ತೆಗೆಯುವುದಿಲ್ಲ, ಅವರ ಸಂಸಾರವೆಲ್ಲ ಗ್ಯಾರೇಜಿನ ಬಾಗಿಲಲ್ಲಿ ಓಡಾಡುತ್ತದೆ ಎಂಬುದು ನನಗೆ ಗೊತ್ತು.

ಕಾಗದ ಬಂದದ್ದು ಆಗಸ್ಟಿನಲ್ಲಿ. ಕೇಸು ಹಾಕಿದವಳು ಅಟ್ಲಾಂಟಾ ಪಕ್ಕದ ಸುವಾನಿಯ ಡಾಕ್ಟರೊಬ್ಬರ ಮಗಳು, ಇಲ್ಲಿಯೇ ಹುಟ್ಟಿ ಬೆಳೆದವಳು, ವಯಸ್ಸು ಮೂವತ್ತು ದಾಟಿದೆ. ಎದುರಿಗಿರುವವಳು ಅವಳನ್ನು ಮದುವೆಯಾದ ಮೈಸೂರಿನ ಹುಡುಗಿ, ಬ್ಯಾಂಕಿನ ಕಂಪ್ಯೂಟರ್ ಕೆಲಸದಲ್ಲಿದ್ದವಳು. ಇಬ್ಬರೂ ಹೆಣ್ಣುಮಕ್ಕಳು. ಮದುವೆಯ ದಿನ ಡಾಕ್ಟರು ಮದುವೆ ಹಾಲ್ ತುಂಬಾ ಓಡಾಡಿ, ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎಂದು ನಾನೂರು ಜನರ ಮುಂದೆ ಮೈಕಿನಲ್ಲಿ ಹೇಳಿದ್ದರು. ಅಷ್ಟು ದೊಡ್ಡ ಮನುಷ್ಯ ಇಷ್ಟು ದೊಡ್ಡ ಮನಸ್ಸು ಮಾಡಿದನಲ್ಲ ಎಂದು ಜನ ಕಣ್ಣು ಒರೆಸಿಕೊಂಡಿದ್ದರು. ನನ್ನ ಹೆಂಡತಿ ಆ ಡಾಕ್ಟರ ಆಸ್ಪತ್ರೆಯಲ್ಲಿ ನರ್ಸು. ಅವಳೂ ಒರೆಸಿಕೊಂಡಿದ್ದಳು.

ಓದದೆ ಮುಟ್ಟಿಸುವ ಅಭ್ಯಾಸ ನನಗಿಲ್ಲ. ಗೊತ್ತಿಲ್ಲದ ಪದಕ್ಕೆ ಫೋನಿನಲ್ಲಿ ಅರ್ಥ ನೋಡಿಕೊಂಡು ಕಾರಿನಲ್ಲೇ ಕೂತು ಪೂರ್ತಿ ಓದಿದೆ. ಕೇಳಿದ್ದು ಡಿವೋರ್ಸ್ ಅಲ್ಲ, ಅನಲ್‌ಮೆಂಟ್. ಡಿವೋರ್ಸ್ ಅಂದರೆ ಮದುವೆ ಆಗಿತ್ತು, ಈಗ ಮುಗಿಯಿತು. ಅನಲ್‌ಮೆಂಟ್ ಅಂದರೆ ಆಗಿಯೇ ಇರಲಿಲ್ಲ. ಹಾಗೆ ಹೇಳಿಸಬೇಕಾದರೆ ಬಲವಾದ ಕಾರಣ ತೋರಿಸಬೇಕು. ಬಲವಂತ, ಬುದ್ಧಿ ಸ್ಥಿಮಿತವಿಲ್ಲದ್ದು, ಮೋಸ, ಇಂಥವು. ಇವರು ಮೋಸ ಎಂದು ಬರೆದಿದ್ದರು. ಆ ಹುಡುಗಿ ಗ್ರೀನ್ ಕಾರ್ಡಿಗಾಗಿ ಮಾತ್ರ ಮದುವೆಯಾದಳು, ಅದು ತಿಳಿದಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂದು. ಕೊನೆಯಲ್ಲಿ ಒಂದು ಸಾಲು: ಆಕೆ ಈಗ ಎಲ್ಲಿದ್ದಾಳೋ ತಿಳಿಯದು, ಕೊನೆಯ ವಿಳಾಸ ಸುವಾನಿಯ ಇಂಥ ಅಪಾರ್ಟ್‌ಮೆಂಟು. ಕೆಳಗೆ ಮಗಳ ಸಹಿ, ನೋಟರಿಯ ಮುದ್ರೆ.

ಇಂಥ ಕಾಗದಗಳನ್ನು ಹಂಚಿ ಹಂಚಿ ನನಗೆ ಒಂದಿಷ್ಟು ತಿಳಿದಿದೆ. ಮದುವೆಯ ಮೇಲೆ ಸಿಗುವ ಗ್ರೀನ್ ಕಾರ್ಡು ಮೊದಲು ಎರಡು ವರ್ಷದ್ದು. ಆಮೇಲೆ ಮದುವೆ ನಿಜವಾದದ್ದು ಎಂದು ತೋರಿಸಿ ಖಾಯಂ ಮಾಡಿಸಿಕೊಳ್ಳಬೇಕು. ಡಿವೋರ್ಸ್ ಆಗಿದ್ದರೂ ಅಡ್ಡಿಯಿಲ್ಲ, ಮದುವೆ ನಿಜವಾದದ್ದೇ ಆಗಿತ್ತು, ಹೊಂದಿಕೆಯಾಗಲಿಲ್ಲ ಎಂದು ಒಬ್ಬರೇ ಅರ್ಜಿ ಹಾಕಬಹುದು. ಆದರೆ ಈ ಮದುವೆಯೇ ಮೋಸ ಎಂದು ಜಡ್ಜ್ ಒಬ್ಬರು ಬರೆದುಬಿಟ್ಟರೆ ಆ ಹುಡುಗಿ ಗಂಟುಮೂಟೆ ಕಟ್ಟಬೇಕಾದದ್ದೇ. ಮತ್ತೆ ಈ ದೇಶದ ಬಾಗಿಲು ಅವಳಿಗೆ ತೆರೆಯುವುದು ಕಷ್ಟ. ಅಷ್ಟು ಆ ಕಾಗದದಲ್ಲಿತ್ತು.

ಮೊದಲನೆಯ ಸಲ ಬೆಳಿಗ್ಗೆ ಆರೂವರೆಗೆ ಹೋದೆ. ಎರಡನೆಯ ಸಲ ಮಧ್ಯಾಹ್ನ, ಮೂರನೆಯದು ಕೆಲಸ ಬಿಡುವ ಹೊತ್ತಿಗೆ, ನಾಲ್ಕನೆಯದು ಶನಿವಾರ. ಒಂದೇ ಹೊತ್ತಿಗೆ ನಾಲ್ಕು ಸಲ ಹೋಗಿ ಸಿಗಲಿಲ್ಲ ಎನ್ನುವವನು ಕಳ್ಳ. ಪ್ರತಿ ಸಲವೂ ಬಾಗಿಲ ಫೋಟೋ ತೆಗೆದೆ, ಹೊತ್ತು ಬರೆದುಕೊಂಡೆ. ನಾಲ್ಕನೆಯ ಸಲ ಬಾಗಿಲು ತೆಗೆದವನು ನಾಯಿ ಹಿಡಿದುಕೊಂಡಿದ್ದ ಒಬ್ಬ ಬಿಳಿಯ. ತಾನು ಬಂದು ಐದು ತಿಂಗಳಾಯಿತು ಎಂದ. ಅಪಾರ್ಟ್‌ಮೆಂಟಿನ ಆಫೀಸಿನವಳು ಹಳೇ ಬಾಡಿಗೆಯವಳ ಬಗ್ಗೆ ಬಾಯಿ ಬಿಡಲಿಲ್ಲ. ಅಂಚೆ ಕಚೇರಿಗೆ ಸಮನ್ಸಿನವರು ಕೊಡುವ ಒಂದು ಫಾರಂ ಇದೆ, ಹೊಸ ವಿಳಾಸ ತಿಳಿಸಿ ಎಂದು. ಕೊಟ್ಟೆ. ಹೊಸ ವಿಳಾಸ ಬಿಟ್ಟುಹೋಗಿಲ್ಲ ಎಂದು ಉತ್ತರ ಬಂತು. ಅದೇ ಹೆಸರಿನವಳು ಆಲ್ಫರೆಟ್ಟಾದಲ್ಲಿ ಇದ್ದಾಳೆಂದು ಹುಡುಕಿಕೊಂಡು ಹೋದರೆ ಐವತ್ತು ವರ್ಷದ ಗೃಹಿಣಿ. ನನ್ನ ಕೈಯಲ್ಲಿ ಕೋರ್ಟಿನ ಕಾಗದ ನೋಡಿ, ಗಂಡನಿಗೆ ಫೋನ್ ಮಾಡಿ, ನೀನೇನು ಮಾಡಿಕೊಂಡಿದ್ದೀಯಾ ಮೊದಲು ಹೇಳು ಎಂದು ಅಲ್ಲೇ ತರಾಟೆಗೆ ತೆಗೆದುಕೊಂಡರು. ಆ ಪುಣ್ಯಾತ್ಮ ಏನು ಒಪ್ಪಿಕೊಂಡನೋ, ಕೇಳಲು ನಾನು ನಿಲ್ಲಲಿಲ್ಲ.

ಆಮೇಲೆ ಡಾಕ್ಟರಿಗೇ ಫೋನ್ ಮಾಡಿದೆ. ಕೇಸು ಮಗಳದಾದರೂ ನಡೆಸುತ್ತಿದ್ದವರು ಅವರು ಎಂಬುದು ವಕೀಲರ ಆಫೀಸಿನ ಮಾತಿನಲ್ಲೇ ಗೊತ್ತಾಗುತ್ತಿತ್ತು. ಆ ಹುಡುಗಿಯ ವಿಳಾಸ ನಿಮಗೇನಾದರೂ ಗೊತ್ತೇ ಎಂದೆ. ತಮಗೆ ಹೇಗೆ ಗೊತ್ತಿರುತ್ತದೆ ಎಂದರು. ಹಾಗೆ ಹೇಳಿ ಫೋನ್ ಇಟ್ಟಿದ್ದರೆ ಆಗುತ್ತಿತ್ತು. ದೊಡ್ಡ ಮನುಷ್ಯರಿಗೆ ಚಿಕ್ಕವರ ಹತ್ತಿರ ಮಾತಾಡುವಾಗ ಪಾಠ ಹೇಳುವ ಚಾಳಿ.

"ನೋಡಯ್ಯ, ಡಿವೋರ್ಸ್ ಅಂದ್ರೆ ಹಣೆ ಮೇಲೆ ಬರೆದ ಹಾಗೆ. ನಾಳೆ ಒಂದು ಒಳ್ಳೇ ಕಡೆ ಸಂಬಂಧ ನೋಡ್ಬೇಕಾದ್ರೆ ಡಿವೋರ್ಸಿ ಅಂತ ಹೇಳ್ಬೇಕು, ಯಾರ ಜೊತೆ ಅಂತ ಕೇಳ್ತಾರೆ, ಅದೂ ಹೇಳ್ಬೇಕು. ಅನಲ್‌ಮೆಂಟ್ ಆದ್ರೆ ಕ್ಲೀನ್. ಅನ್‌ಮ್ಯಾರೀಡ್. ಅಲ್ಲಯ್ಯ, ಇಬ್ಬರು ಹೆಂಗಸರದ್ದು ಒಂದು ಮದುವೆಯಾ ಅದು?"

ಆ ಮಾತನ್ನು ಮೈಕಿನಲ್ಲಿ ಹೇಳಬಹುದಿತ್ತಲ್ಲ ಎಂಬುದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಇಬ್ಬರು ಹೆಂಗಸರದ್ದೆಂದು ಕೋರ್ಟು ಸುಲಭವಾಗಿ ಅಳಿಸಿಬಿಡುತ್ತದೆ ಎಂದು ಅವರು ಮೊದಲು ಅಂದುಕೊಂಡಿದ್ದರಂತೆ. ಈ ದೇಶದಲ್ಲಿ ಹೆಣ್ಣು ಗಂಡಿಗೆ ಯಾವ ಕಾನೂನೋ ಇಬ್ಬರು ಹೆಂಗಸರಿಗೂ ಅದೇ ಎಂದು ವಕೀಲರು ಹೇಳಿದ ಮೇಲೆ ಮೋಸ ಎಂಬ ಕಾರಣ ಹುಡುಕಿದ್ದು. ಆ ಹುಡುಗಿಯರಾದರೂ ಗಂಡ ಹೆಂಡತಿ ಜಗಳವಾಡುವ ಕಾರಣಕ್ಕೇ ಜಗಳವಾಡಿದ್ದರು. ಮೈಸೂರಿನವಳಿಗೆ ಬೇರೆ ಊರಿನಲ್ಲಿ ಬಡ್ತಿ ಸಿಕ್ಕಿತು, ಇವಳು ಅಪ್ಪ ಅಮ್ಮನ ಊರು ಬಿಟ್ಟು ಬರುವುದಿಲ್ಲ ಎಂದಳು. ಅಷ್ಟೇ. ಇದನ್ನು ಡಾಕ್ಟರೇ ಹೇಳಿದರು, ಹೇಳುತ್ತಿದ್ದೇನೆ ಎಂಬ ಅರಿವಿಲ್ಲದೆ. ಯಾವ ಊರು ಎಂದು ಕೇಳಿದ್ದಕ್ಕೆ ಮಾತ್ರ ಮರೆತುಹೋಗಿದೆ ಎಂದರು. ಮೂವತ್ತು ವರ್ಷದ ಹಿಂದಿನ ರೋಗಿಯ ಕಾಯಿಲೆ ನೆನಪಿಟ್ಟುಕೊಂಡಿರುವ ಮನುಷ್ಯ.

"ನಾಲ್ಕು ಸಲ ಹೋದೆ, ಸಿಗಲಿಲ್ಲ ಅಂತ ಬರೆದ್ಕೊಡು. ಮುಗೀತು ನಿನ್ನ ಕೆಲಸ," ಎಂದರು.

ಮಾರನೆಯ ದಿನವೇ ವಕೀಲರ ಆಫೀಸಿನ ಸಹಾಯಕನಿಂದ ಈಮೇಲ್ ಬಂತು. ನನ್ನ ಹೆಸರಿನಲ್ಲಿ ಪ್ರಮಾಣಪತ್ರ ಸಿದ್ಧವಾಗಿ ಟೈಪಾಗಿತ್ತು. ಎದುರಾಳಿ ಸಿಗದಿದ್ದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಮುಟ್ಟಿಸಿದಂತೆಯೇ ಲೆಕ್ಕ ಹಿಡಿಯಲು ಜಡ್ಜಿನ ಅಪ್ಪಣೆ ಕೇಳಬಹುದು. ವಾರಕ್ಕೊಂದರಂತೆ ನಾಲ್ಕು ಸಲ, ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ನೋಟಿಸುಗಳು ಬರುವ ಪೇಪರಿನಲ್ಲಿ. ಆ ಪುಟವನ್ನು ಓದುವ ಮನುಷ್ಯನನ್ನು ನಾನು ಇದುವರೆಗೂ ಕಂಡಿಲ್ಲ. ಆಮೇಲೆ ಅರವತ್ತು ದಿನ ಕಾದು, ಯಾರೂ ಬರದಿದ್ದರೆ ಜಡ್ಜಿನ ಮುಂದೆ ಇವರದೊಂದೇ ಮಾತು. ಅದಕ್ಕೆ ಬೇಕಾದದ್ದು, ಶ್ರದ್ಧೆಯಿಂದ ಹುಡುಕಿದೆ, ಸಿಗಲಿಲ್ಲ ಎಂಬ ಪ್ರಮಾಣ.

ಟೈಪಾಗಿದ್ದ ಕಾಗದದಲ್ಲಿ ನಾನು ಮಾಡಿದ್ದಕ್ಕಿಂತ ಹೆಚ್ಚು ನಾನು ಮಾಡಿದ್ದೆ. ನೆಂಟರಿಷ್ಟರನ್ನೆಲ್ಲ ವಿಚಾರಿಸಿದ್ದೆ, ಕೆಲಸದ ಕಂಪನಿಗೆ ಹೋಗಿದ್ದೆ, ಕನ್ನಡದವರ ನಡುವೆ ಕೇಳಿಕೊಂಡು ಬಂದಿದ್ದೆ. ಇವು ಯಾವುವೂ ನಾನು ಮಾಡಿದ್ದಲ್ಲ ಎಂದು ಫೋನ್ ಮಾಡಿ ಹೇಳಿದೆ. ಎಲ್ಲರೂ ಹೀಗೇ ಸಹಿ ಮಾಡುತ್ತಾರೆ, ಇದು ನಮೂನೆ ಎಂದು ಸಹಾಯಕ ನಕ್ಕ. ಕಾಲೇಜು ಓದಿ, ಟೈ ಕಟ್ಟಿಕೊಂಡು, ಸುಳ್ಳನ್ನು ಅಂದವಾಗಿ ಸಾಲು ಹೊಂದಿಸಿ ಇಡುವುದನ್ನು ಕಲಿತು ಬಂದಿದ್ದಾನೆ. ಒಂದು ವಾರ ಕೊಡಿ, ಬರೆದದ್ದನ್ನೆಲ್ಲ ಮಾಡುತ್ತೇನೆ, ಆಮೇಲೂ ಸಿಗದಿದ್ದರೆ ಸಹಿ ಹಾಕುತ್ತೇನೆ ಎಂದೆ. ಬೇಡವೆಂದ. ಬೇಕೇ ಬೇಕು ಎಂದು ನಾನು ಫೋನ್ ಇಟ್ಟೆ.

ಆ ವಾರ ಗೌರಿ ಹಬ್ಬದ ವಾರ. ಹೆಂಡತಿ ಬಾಳೆ ಎಲೆ, ಮಾವಿನ ಸೊಪ್ಪು ತರಲು ಕಳಿಸಿದ್ದಳು. ಸುವಾನಿಯಲ್ಲಿ ನಮ್ಮ ಕಡೆಯ ಹೆಂಗಸೊಬ್ಬರ ಅಂಗಡಿಯಿದೆ. ಹಬ್ಬಕ್ಕೆ ಮುಂಚೆ ಬೆಂಗಳೂರಿನಿಂದ ಬಿದಿರಿನ ಮೊರ ತರಿಸಿ, ಜೊತೆ ಮೊರದ ಬಾಗಿನ ಕಟ್ಟಿ, ಹೇಳಿದ ವಿಳಾಸಕ್ಕೆ ಪಾರ್ಸೆಲ್ ಮಾಡುತ್ತಾರೆ. ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಧಾನ್ಯ, ಅಚ್ಚು ಬೆಲ್ಲ, ಕಾಯಿ, ಎಲ್ಲವೂ ಲೆಕ್ಕವಾಗಿ. ಕಾಯಿ ಒಡೆಯದ ಹಾಗೆ ಪ್ಯಾಕ್ ಮಾಡುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಈ ಸಲ ಬಹಳ ಬಾಗಿನ ಹೋಯಿತೇ ಎಂದು ಸುಮ್ಮನೆ ಕೇಳಿದೆ. ಕೈ ಬಿದ್ದುಹೋಯಿತು ಎಂದು ಹೇಳುತ್ತಾ, ಯಾರ್ಯಾರು ಎಷ್ಟೆಷ್ಟು ಎಂದು ಒಪ್ಪಿಸತೊಡಗಿದರು. ಡಾಕ್ಟರ ಮನೆಯಮ್ಮ ಎರಡು ಕಟ್ಟಿಸಿದರು, ಒಂದು ಮಗಳಿಗೆಂದು ತಾವೇ ಒಯ್ದರು, ಇನ್ನೊಂದು ನಾರ್ತ್ ಕೆರೋಲಿನಾದ ಷಾರ್ಲೆಟ್ ಊರಿಗೆ ಹೋಯಿತು ಎಂದರು.

ಬಾಗಿನ ಮುತ್ತೈದೆಗೆ ಕೊಡುವುದು. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ತವರಿನಿಂದ ಹೋಗುವುದು. ಡಾಕ್ಟರಿಗೆ ಷಾರ್ಲೆಟ್ಟಿನಲ್ಲಿ ಬೇರೆ ಮಗಳಿಲ್ಲ. ಎಲೆ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ವಿಳಾಸ ಅಂಗಡಿಯ ಪುಸ್ತಕದಲ್ಲಿರುತ್ತದೆ, ಕೇಳಿದ್ದರೆ ಆಕೆ ತೋರಿಸಿಬಿಡುತ್ತಿದ್ದರು. ಕೇಳಲಿಲ್ಲ. ಗಿರಾಕಿಯ ಗುಟ್ಟನ್ನು ಅಂಗಡಿಯವಳಿಂದ ಕದಿಯುವುದು ನನ್ನ ಕಸುಬಲ್ಲ. ಕಳಿಸಿದವರ ಬಾಯಿಂದಲೇ ಹೇಳಿಸಬೇಕು. ಮಾರನೆಯ ದಿನ ಬೆಳಿಗ್ಗೆ, ಡಾಕ್ಟರು ಆಸ್ಪತ್ರೆಗೆ ಹೋದ ಮೇಲೆ ಅವರ ಮನೆಗೆ ಹೋದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಮನೆಯಮ್ಮ ಬೆಳ್ಳಿ ಸಾಮಾನು ತೊಳೆದು ಹಳೇ ಟವೆಲಿನ ಮೇಲೆ ಹರಡುತ್ತಿದ್ದರು. ನನ್ನನ್ನು ನೋಡಿ ಕೂರಲು ಹೇಳಿದರು, ಕಾಫಿ ಎಂದರು. ಬೇಡವೆಂದೆ, ಕೆಲಸದ ಮೇಲೆ ಬಂದವನು.

"ಅಮ್ಮ, ಷಾರ್ಲೆಟ್ಟಿಗೆ ಬಾಗಿನ ಯಾರಿಗೆ ಹೋಯ್ತು?"

ಕೈಯಲ್ಲಿದ್ದ ದೀಪದ ಕಂಬವನ್ನು ಒರೆಸುತ್ತಲೇ ಇದ್ದರು. "ನಿಮಗೆ ಗೊತ್ತಿದ್ದೇ ತಾನೆ ಕೇಳ್ತಿರೋದು?"

"ಮದುವೆ ಆಗೇ ಇಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟಿದಾರಲ್ಲಮ್ಮ. ಅವಳು ಎಲ್ಲಿದಾಳೋ ಗೊತ್ತಿಲ್ಲ ಅಂತಾನೂ ಇದೆ."

"ಬರೀಲಿ. ಮೊದಲ್ನೇ ವರ್ಷ ಇಬ್ಬರ ಕೈಲೂ ಹದಿನಾರು ಬಾಗಿನ ಕೊಡಿಸಿದೀನಿ ನಾನು, ಇದೇ ಮನೇಲಿ. ಈ ವರ್ಷ ಒಬ್ಬಳಿಗೆ ಕೊಟ್ಟು ಒಬ್ಬಳಿಗೆ ಬಿಟ್ರೆ ಒಳ್ಳೇದಾ? ಅವರು ಜಡ್ಜಿಗೆ ಏನು ಬೇಕಾದ್ರೂ ಹೇಳ್ಕೊಳ್ಳಲಿ. ಗೌರಿಗೆ ನಾನು ಏನಂತ ಹೇಳ್ಲಿ?"

ಈ ಮಾತನ್ನು ನೀವು ಯಜಮಾನರಿಗೆ ಹೇಳಿದಿರಾ ಎಂದೆ. ಅವರಿಗೆ ಹಬ್ಬದ ವಿಷಯವೆಲ್ಲ ಬೇಡ ಎಂದರು. ಗಂಡನ ಎದುರು ಆಡಲಾಗದ ಮಾತನ್ನು ಮೊರದಲ್ಲಿ ಮುಚ್ಚಿ ಅಂಚೆಗೆ ಹಾಕಿದ್ದರು. ಆಕೆಯ ಬಗ್ಗೆ ನನಗೆ ಪೂರ್ತಿ ಗೌರವ ಹುಟ್ಟಿತೆಂದರೆ ಸುಳ್ಳಾಗುತ್ತದೆ. ಆದರೆ ಆ ಮನೆಯಲ್ಲಿ ಅಷ್ಟಾದರೂ ಮಾಡಿದವರು ಆಕೆಯೊಬ್ಬರೇ. ಒಳಗೆ ಹೋಗಿ ಪಾರ್ಸೆಲ್ಲಿನ ರಸೀದಿ ತಂದು, ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ನಾನು ಬರೆದುಕೊಂಡೆ. ಇದರಿಂದ ನಿಮಗೆ ತೊಂದರೆಯಾಗಬಹುದು ಎಂದು ಹೇಳಿಯೇ ಹೊರಟೆ. ಬೆಳ್ಳಿ ಒರೆಸುವುದನ್ನು ಅವರು ನಿಲ್ಲಿಸಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಹೊರಟೆ. ಎಂಬತ್ತೈದನೇ ಹೆದ್ದಾರಿ ಹಿಡಿದು ಸೌತ್ ಕೆರೋಲಿನಾ ದಾಟಿ ನಾಲ್ಕು ಗಂಟೆ ದಾರಿ. ಜಾರ್ಜಿಯಾದ ಕೇಸಿಗೆ ಜಾರ್ಜಿಯಾದ ಸರ್ಟಿಫಿಕೇಟ್ ಇರುವವನು ಬೇರೆ ರಾಜ್ಯಕ್ಕೆ ಹೋಗಿಯೂ ಮುಟ್ಟಿಸಬಹುದು ಎಂದು ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. ಆದರೂ ಹೊರಡುವ ಮುಂಚೆ ಇನ್ನೊಮ್ಮೆ ಓದಿಕೊಂಡೆ. ಷಾರ್ಲೆಟ್ಟಿನ ಬ್ಯಾಲಂಟೈನ್ ಹತ್ತಿರದ ಅಪಾರ್ಟ್‌ಮೆಂಟು, ಮೂರನೇ ಮಹಡಿ. ಹನ್ನೊಂದೂವರೆಗೆ ಬೆಲ್ ಮಾಡಿದೆ, ಉತ್ತರವಿಲ್ಲ. ಕೆಳಗೆ ಕಾರಿನಲ್ಲಿ ಕೂತು ಚಿತ್ರಾನ್ನ ತಿಂದೆ. ಒಂದೂಕಾಲಿಗೆ ಮತ್ತೆ ಹತ್ತಿದೆ. ಈ ಸಲ ಬಾಗಿಲು ತೆರೆಯಿತು.

ಹೆಸರು ಕೇಳಿ ಖಾತ್ರಿ ಮಾಡಿಕೊಂಡೆ. ಮದುವೆಯ ದಿನ ಜಡೆ ಹಾಕಿಸಿಕೊಂಡು ಕೂತಿದ್ದವಳು ಈಗ ಕೂದಲು ಕತ್ತರಿಸಿದ್ದಳು. ಅವಳಿಗೂ ನನ್ನ ಗುರುತು ಹತ್ತಿತು.

"ಅಂಕಲ್, ನೀವು ನಮ್ಮ ಮದುವೇಲಿ ಪಾಯಸ ಮೂರು ಸಲ ಹಾಕಿಸ್ಕೊಂಡೋರಲ್ವಾ?"

ಎರಡು ಸಲ ಎಂದು ತಿದ್ದಿ, ಕಾಗದ ಕೈಗೆ ಕೊಟ್ಟೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು, ತಿರುಗಿ ಹೊರಡಬೇಕು. ಅವಳು ಅಲ್ಲೇ ಬಾಗಿಲಲ್ಲಿ ನಿಂತು ಮೊದಲ ಪುಟ ತಿರುವಿ ಎರಡನೆಯದಕ್ಕೆ ಹೋದಳು. ನಾನೂ ಅಲ್ಲೇ ನಿಂತೆ.

"ಡಿವೋರ್ಸ್ ಕೇಳಿದ್ರೆ ಅವತ್ತೇ ಸೈನ್ ಮಾಡ್ತಿದ್ದೆ. ಎರಡು ಸಲ ನಾನೇ ಹೇಳಿದೀನಿ ಅವಳಿಗೆ, ಫೈಲ್ ಮಾಡೋಣ, ಮುಗಿಸೋಣ ಅಂತ. ಇದು ಬೇರೆ ಅಂಕಲ್. ಇದರಲ್ಲಿ ನಾನು ಕಳ್ಳಿ." ಇನ್ನೊಂದು ಪುಟ ತಿರುವಿದಳು. "ಅಪಾರ್ಟ್‌ಮೆಂಟಲ್ಲಿ ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿ ಹಾಕಿದ್ದು ಯಾರು ಹಾಗಾದ್ರೆ? ಗ್ರೀನ್ ಕಾರ್ಡಾ?"

ನಾನು ಕಾನೂನಿನ ಸಲಹೆ ಕೊಡುವ ಹಾಗಿಲ್ಲ. ಉತ್ತರ ಕೊಡಲು ಮೂವತ್ತು ದಿನ ಎಂದು ಮೇಲಿನ ಹಾಳೆಯಲ್ಲೇ ಬರೆದಿದೆ, ವಕೀಲರನ್ನು ನೋಡಿ ಎಂದೆ. ಅಷ್ಟನ್ನು ಯಾರಿಗಾದರೂ ಹೇಳುತ್ತೇನೆ. ಅಷ್ಟರಲ್ಲಿ ಅವಳು ಕೊನೆಯ ಸಾಲಿಗೆ ಬಂದಿದ್ದಳು. ಎಲ್ಲಿದ್ದಾಳೋ ತಿಳಿಯದು. ಅದನ್ನು ಓದಿ ನಕ್ಕು, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು. ಅದರ ಮೇಲೆ ಬಾಗಿನದ ಡಬ್ಬ. ಮೊರವನ್ನು ಒಳಗೆ ತೆಗೆದುಕೊಂಡು ಡಬ್ಬವನ್ನು ಕಸಕ್ಕೆಂದು ಇಟ್ಟಿದ್ದಳು. ಅದರ ಚೀಟಿಯಲ್ಲಿ ಕಳಿಸಿದವರ ಜಾಗದಲ್ಲಿ ಡಾಕ್ಟರ ಮನೆಯ ವಿಳಾಸ, ಪಕ್ಕದಲ್ಲಿ ಕಳಿಸಿದ ದಿನ.

"ಡಬ್ಬ ಬಿಸಾಕಬೇಡಮ್ಮ," ಎಂದೆ.

ಅದು ನನ್ನ ಕೆಲಸದ ಮಾತಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಂಥ ಮಾತು ಆಡಿದವನಲ್ಲ. ಡಾಕ್ಟರ ಹೆಂಡತಿಯ ಮುಖ ಕಣ್ಣ ಮುಂದೆ ಬಂತು, ಆದರೂ ಆಡಿದೆ.

ಬರುವ ದಾರಿಯಲ್ಲಿ ಗ್ಯಾಫ್ನಿಯ ಹತ್ತಿರ ಕಾರು ನಿಲ್ಲಿಸಿ ವಕೀಲರ ಆಫೀಸಿಗೆ ಫೋನ್ ಮಾಡಿ, ಸಿಕ್ಕಳು, ಮುಟ್ಟಿಸಿದ್ದೇನೆ ಎಂದೆ. ಯಾವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದರೋ ಆ ಕೆಲಸ ಆಯಿತೆಂದು ಕೇಳಿ ಅಷ್ಟು ಬೇಸರಪಟ್ಟವರನ್ನು ನಾನು ನೋಡಿಲ್ಲ. ಸಹಾಯಕ ಫೋನನ್ನು ವಕೀಲರಿಗೆ ಕೊಟ್ಟ. ವಕೀಲರು ನಯವಾಗಿ ಮಾತಾಡಿದರು. ಮುಟ್ಟಿಸಿದ ಪ್ರಮಾಣಪತ್ರವನ್ನು ನೀವು ಕೋರ್ಟಿಗೆ ಕೊಡುವುದು ಬೇಡ, ನಮಗೆ ಕಳಿಸಿ, ಕಕ್ಷಿದಾರರ ಹತ್ತಿರ ಮಾತಾಡಿ ಯಾವಾಗ ಸಲ್ಲಿಸಬೇಕೋ ನಾವು ಸಲ್ಲಿಸುತ್ತೇವೆ, ಇನ್ನು ಮುಂದೆಯೂ ನಿಮಗೆ ನಮ್ಮಲ್ಲಿ ಬೇಕಾದಷ್ಟು ಕೆಲಸವಿದೆ ಎಂದರು. ಕೊನೆಯ ಮಾತಿನ ಅರ್ಥ ನನಗೆ ಆಯಿತು. ಅವರಿಂದಲೇ ನನ್ನ ಅರ್ಧ ಕೆಲಸ ಬರುತ್ತಿತ್ತು.

ಆ ಕಾಗದ ಅವರ ಡ್ರಾಯರಿನಲ್ಲಿ ಕೂತರೆ ಏನಾಗುತ್ತದೆಂದು ಊಹಿಸಲು ಕಾಲೇಜು ಓದಬೇಕಾಗಿಲ್ಲ. ಸಿಗಲಿಲ್ಲ ಎಂದು ಸಹಿ ಹಾಕುವ ಇನ್ನೊಬ್ಬ ಅಮೀನ ಅಟ್ಲಾಂಟಾದಲ್ಲಿ ಸಿಗದೇ ಇರುವುದಿಲ್ಲ. ಹುಡುಗಿ ವಕೀಲರನ್ನು ಹಿಡಿಯುವಷ್ಟರಲ್ಲಿ ಪೇಪರಿನಲ್ಲಿ ಒಂದು ವಾರದ ಪ್ರಕಟಣೆ ಬಂದಿರುತ್ತದೆ. ಆಮೇಲೆ ಯಾವುದು ನಿಜ, ಯಾವುದು ಮೊದಲು ಎಂದು ವರ್ಷಗಟ್ಟಲೆ ಎಳೆದಾಡಬಹುದು, ಅವಳ ಎರಡು ವರ್ಷದ ಕಾರ್ಡು ಅಷ್ಟು ದಿನ ಕಾಯುವುದಿಲ್ಲ. ನನ್ನ ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಒಂದು ನಿಯಮವಿತ್ತು. ಮುಟ್ಟಿಸಿದ ಐದು ಕೆಲಸದ ದಿನಗಳೊಳಗೆ ಮುಟ್ಟಿಸಿದವನೇ ಅದರ ರುಜುವಾತನ್ನು ಕೋರ್ಟಿಗೆ ಸಲ್ಲಿಸಬೇಕು. ವಕೀಲರ ಮೂಲಕ ಕೊಟ್ಟು ಅಭ್ಯಾಸವಾಗಿ ಎಲ್ಲರೂ ಅದನ್ನು ಮರೆತಿದ್ದರು. ನಾನು ಮಾರನೆಯ ಬೆಳಿಗ್ಗೆ ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿ, ಕೌಂಟಿ ಕೋರ್ಟಿನ ಗುಮಾಸ್ತೆಯ ಕೌಂಟರಿಗೆ ಹೋಗಿ, ನನ್ನ ಕೈಯಾರೆ ಕೊಟ್ಟು, ಮುದ್ರೆ ಒತ್ತಿಸಿಕೊಂಡು ಬಂದೆ. ಮೂರು ನಿಮಿಷದ ಕೆಲಸ.

ಮಧ್ಯಾಹ್ನದೊಳಗೆ ಡಾಕ್ಟರ ಫೋನ್.

"ಏನಯ್ಯಾ, ಎಷ್ಟು ಓದಿದೀಯ ಅಂತ ನೀನು ನನಗೆ ಕಾನೂನು ಹೇಳಿಕೊಡೋಕೆ ಬಂದಿದೀಯ?"

"ಒಂಬತ್ತನೇ ಕ್ಲಾಸು ಡಾಕ್ಟ್ರೇ. ಸಿಕ್ಕಳು ಅಂತ ಬರೆಯೋಕೆ ಅಷ್ಟು ಸಾಕು."

ನನ್ನ ಮನೆಯ ಅನ್ನ ಉಂಡವನು ನೀನು, ನಿನ್ನ ಹೆಂಡತಿಗೆ ಶಿಫ್ಟ್ ಬದಲಾಯಿಸಿ ಕೊಡಿಸಿದವನು ನಾನು ಎಂದೆಲ್ಲ ಹೇಳಿದರು. ಅನ್ನ ಉಂಡದ್ದು ನಿಜ, ಯಾವ ಸಮಾರಂಭದಲ್ಲಿ ಉಂಡದ್ದೆಂದು ನೀವೇ ಹೇಳಿ ಎಂದು ಕೇಳಿದೆ. ಫೋನ್ ಕಟ್ಟಾಯಿತು.

ಮೈಸೂರಿನ ಹುಡುಗಿ ಹತ್ತು ದಿನದಲ್ಲಿ ವಕೀಲರನ್ನಿಟ್ಟು ಉತ್ತರ ಹಾಕಿದಳು. ಮೋಸವಿಲ್ಲ, ಮದುವೆ ಆಗಿತ್ತು, ಮುರಿದಿದೆ, ನನಗೆ ಡಿವೋರ್ಸ್ ಕೊಡಿ ಎಂದು. ಜೊತೆಗೆ ಡಬ್ಬದ ಚೀಟಿಯ ಫೋಟೋ, ಬಾಗಿನ ಎಂದರೇನು ಎಂದು ಇಂಗ್ಲಿಷಿನಲ್ಲಿ ಅರ್ಧ ಪುಟ. ಕೋರ್ಟಿನ ಫೈಲಿನಲ್ಲಿ ಯಾರು ಬೇಕಾದರೂ ನೋಡಬಹುದಾದ ಕಾಗದ ಅದು, ನಾನೂ ನೋಡಿದೆ. ಗೊತ್ತಿಲ್ಲವೆಂದು ಮಗಳು ಪ್ರಮಾಣ ಮಾಡಿದ ಮೇಲೆ ಅದೇ ಮನೆಯಿಂದ ಹೋದ ಪಾರ್ಸೆಲ್. ಡಾಕ್ಟರ ವಕೀಲರು ಬೆವರಿರಬೇಕು. ಮೂರು ವಾರದಲ್ಲಿ ಮೋಸದ ಆರೋಪವನ್ನೂ ಅನಲ್‌ಮೆಂಟನ್ನೂ ವಾಪಸ್ ತೆಗೆದುಕೊಂಡು, ಇಬ್ಬರೂ ಒಪ್ಪಿದ ಡಿವೋರ್ಸಿಗೆ ಬಂದರು. ಆ ಆಫೀಸಿನಿಂದ ನನಗೆ ಆಮೇಲೆ ಒಂದು ಕಾಗದವೂ ಬರಲಿಲ್ಲ. ಡಾಕ್ಟರ ಮನೆಯಮ್ಮ ದೇವಸ್ಥಾನದಲ್ಲಿ ನನ್ನ ಹೆಂಡತಿಯನ್ನು ಕಂಡು ಮುಖ ತಿರುಗಿಸಿದರಂತೆ. ಗಂಡನಿಂದ ಏನೇನು ಕೇಳಿಸಿಕೊಂಡಿರಬಹುದೆಂದು ನನಗೆ ಗೊತ್ತು. ಅದೊಂದು ನನ್ನ ಲೆಕ್ಕಕ್ಕೆ ಸೇರಿದ್ದು.

ತೀರ್ಪಿನ ದಿನ ನಾನು ಕೋರ್ಟಿಗೆ ಹೋದೆ. ನನಗೆ ಅಲ್ಲಿ ಕೆಲಸವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಮಗಳು ಮುಂದೆ ನಿಂತಿದ್ದಳು, ಎರಡನೇ ಸಾಲಿನಲ್ಲಿ ಡಾಕ್ಟರು, ಮೈಸೂರಿನವಳು ಷಾರ್ಲೆಟ್ಟಿನಿಂದ ಗೋಡೆಯ ಪರದೆಯ ಮೇಲೆ. ಜಡ್ಜಮ್ಮ ಪ್ರಮಾಣ ಮಾಡಿಸಿ, ಹೆಸರು ಕೇಳಿ, ಪರದೆಯ ಮೇಲಿರುವವರನ್ನು ಇಂಥ ದಿನ, ಇದೇ ರಾಜ್ಯದಲ್ಲಿ ನೀವು ಮದುವೆಯಾದಿರಾ ಎಂದು ಕೇಳಿದರು.

ಅವಳು ತಿರುಗಿ ಅಪ್ಪನನ್ನು ನೋಡಿದಳು. ಡಾಕ್ಟರು ಫೋನ್ ನೋಡುತ್ತಿದ್ದರು. ಜಡ್ಜಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.

"ಯೆಸ್," ಎಂದಳು. "ವಿ ವರ್ ಮ್ಯಾರೀಡ್."

ಉಳಿದದ್ದೆಲ್ಲ ಐದು ನಿಮಿಷದಲ್ಲಿ ಮುಗಿಯಿತು. ಆ ತೀರ್ಪಿನ ಪ್ರತಿಯಿಟ್ಟು ಮೈಸೂರಿನ ಹುಡುಗಿ ಖಾಯಂ ಕಾರ್ಡಿಗೆ ಒಬ್ಬಳೇ ಅರ್ಜಿ ಹಾಕಿದಳು. ಬಹಳ ತಿಂಗಳು ಕಾಯಿಸಿ ಕೊನೆಗೆ ಕಾರ್ಡು ಬಂತೆಂದು ಮೆಸೇಜು ಕಳಿಸಿದ್ದಳು.

ತೀರ್ಪಿನ ದಿನ ಹೊರಗೆ ಬಂದಾಗ ಡಾಕ್ಟರು ನನ್ನನ್ನು ದಾಟಿಕೊಂಡು ಲಿಫ್ಟಿಗೆ ಹೋದರು, ನೋಡಲಿಲ್ಲ. ಮಗಳು ಕಾರಿಡಾರಿನಲ್ಲಿ ನಿಂತಳು.

"ಅಂಕಲ್, ನಿಮ್ದು ಇವತ್ತು ಏನೂ ಕೆಲಸ ಇರಲಿಲ್ಲ ಅಲ್ವಾ? ವೈ ಡಿಡ್ ಯು ಕಮ್?"

"ನೀನು ಏನು ಹೇಳ್ತೀಯ ಅಂತ ಕೇಳೋಕೆ ಬಂದೆ."

ಅವಳು ಕೈಚೀಲದ ಜಿಪ್ಪನ್ನು ಎಳೆದಳು, ಬಿಟ್ಟಳು. "ಅವಳು ಗ್ರೀನ್ ಕಾರ್ಡಿಗೆ ಮಾಡಿಲ್ಲ ಅಂತ ನಂಗೆ ಗೊತ್ತಿತ್ತು. ಡ್ಯಾಡಿ ಪೇಪರ್ ಕೊಟ್ರು, ನಾನು ಸೈನ್ ಮಾಡ್ದೆ. ನಾನು ಸೈನ್ ಮಾಡ್ಬಾರ್ದಿತ್ತು."

ಇರಲಿ ಬಿಡಮ್ಮ, ಆಗಿಹೋಯಿತು ಎಂದು ನಾನು ಹೇಳಲಿ ಎಂದು ಕಾದು ನಿಂತಿದ್ದಳು. ನಮ್ಮ ಜನ ಹಾಗೆ ಹೇಳುತ್ತಾರೆ. ನಾನು ಹೇಳಲಿಲ್ಲ.